ದೂರ ನಿಲ್ಲಿಸುವ ಲೆನ್ಸ್

ಕೆರೆಯಂಚಿನ ಒಣಕೊಂಬೆಯ ಮೇಲೆ ಕೂತ ಪುಟ್ಟ ಮಿಂಚುಳ್ಳಿಯನ್ನು ಕೊಕ್ಕಿನ ತುದಿಯಿಂದ ಬಾಲದವರೆಗೆ ಅಳೆದರೆ ಸುಮಾರು 16 ಸೆಂಟಿಮೀಟರ್. ಅದು ನಿಮ್ಮಿಂದ 20 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಸಾಮಾನ್ಯ 50 ಎಂಎಂ ಲೆನ್ಸ್ ಹಾಕಿ ಕ್ಲಿಕ್ಕಿಸಿದರೆ ಸೆನ್ಸರ್ ಮೇಲೆ ಬೀಳುವ ಹಕ್ಕಿಯ ಬಿಂಬ ಬರೀ 0.4 ಮಿಲಿಮೀಟರ್ ಉದ್ದ. ಸಾಸಿವೆ ಕಾಳಿಗಿಂತ ಸಣ್ಣದು. ನಿಂತ ಜಾಗದಿಂದ ಕದಲದೆ 600 ಎಂಎಂ ಲೆನ್ಸ್ ಹಾಕಿದರೆ ಅದೇ ಬಿಂಬ 4.8 ಮಿಲಿಮೀಟರ್‌ಗೆ ಬೆಳೆಯುತ್ತದೆ.

ಲೆಕ್ಕ ಸರಳ. ಹಕ್ಕಿಯ ಉದ್ದವನ್ನು ಲೆನ್ಸಿನ ಸಂಗಮದೂರದಿಂದ ಗುಣಿಸಿ, ಹಕ್ಕಿ ಇರುವ ದೂರದಿಂದ ಭಾಗಿಸಿದರೆ ಬಿಂಬದ ಉದ್ದ ಸಿಗುತ್ತದೆ. 36 ಮಿಲಿಮೀಟರ್ ಅಗಲದ, 45 ಮೆಗಾಪಿಕ್ಸೆಲ್ ಸೆನ್ಸರ್ ಇದ್ದರೆ ಮೊದಲ ಚಿತ್ರದಲ್ಲಿ ಮಿಂಚುಳ್ಳಿಯ ಪಾಲಿಗೆ ಬರುವುದು ಉದ್ದಕ್ಕೆ ತೊಂಬತ್ತು ಚಿಲ್ಲರೆ ಪಿಕ್ಸೆಲ್; ಎರಡನೆಯದರಲ್ಲಿ ಸಾವಿರದ ಮೇಲೆ. ಆಗ ಒಂದೊಂದು ಪಿಕ್ಸೆಲ್ಲೂ ಹಕ್ಕಿಯ ಮೈಮೇಲೆ 0.15 ಮಿಲಿಮೀಟರ್ ಜಾಗವನ್ನು ನೋಡುತ್ತಿರುತ್ತದೆ. ಎದೆಯ ಕಿತ್ತಳೆ ಬಣ್ಣ ಒಂದು ಮಚ್ಚೆಯಾಗಿ ಉಳಿಯದೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ, ಕಣ್ಣಿನಲ್ಲಿ ಆಕಾಶದ ಹೊಳಪು ಕಾಣುತ್ತದೆ. ಆದರೆ ಅದೇ ಹಕ್ಕಿ ಹಾರಿ 40 ಮೀಟರ್ ಆಚೆಯ ಕೊಂಬೆಗೆ ಹೋಗಿ ಕೂತರೆ ಬಿಂಬದ ಉದ್ದ ಅರ್ಧವಾಗಿ, ಅದಕ್ಕೆ ಸಿಗುವ ಪಿಕ್ಸೆಲ್‌ಗಳು ಕಾಲು ಭಾಗಕ್ಕೆ ಇಳಿಯುತ್ತವೆ. ಲೆನ್ಸಿನ ಬೆಲೆ ಎಷ್ಟೇ ಇರಲಿ, ಈ ಲೆಕ್ಕದಿಂದ ಯಾರಿಗೂ ವಿನಾಯಿತಿ ಇಲ್ಲ.

ಟೆಲಿಫೋಟೋ ಲೆನ್ಸ್ ಹಕ್ಕಿಯನ್ನು ಹತ್ತಿರಕ್ಕೆ ಎಳೆದು ತರುತ್ತದೆ ಎಂದು ನಾವೆಲ್ಲ ಸಲೀಸಾಗಿ ಹೇಳುತ್ತೇವೆ. ಅದು ದೊಡ್ಡದು ಮಾಡುವುದು ಬಿಂಬವನ್ನು ಮಾತ್ರ. ನಡುವಿನ ದೂರ ಇದ್ದಷ್ಟೇ ಇರುತ್ತದೆ. ಆ ದೂರದಲ್ಲಿ ತುಂಬಿಕೊಂಡ ಗಾಳಿ, ಬಿಸಿಲು, ಕೈನಡುಕದ ಪರಿಣಾಮ, ಹಕ್ಕಿಯ ಅಂಜಿಕೆ ಎಲ್ಲವೂ ಚಿತ್ರದೊಳಕ್ಕೆ ಬಂದೇ ಬರುತ್ತವೆ. ಈ ಯಂತ್ರವನ್ನು ದೂರದ ಕಡೆಯಿಂದ ಅರ್ಥ ಮಾಡಿಕೊಂಡವರಿಗೆ ಅದು ಚೆನ್ನಾಗಿ ಒಲಿಯುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಸೋದರರು 1890ರ ದಶಕದಲ್ಲಿ ಕಾಡುಹಕ್ಕಿಗಳ ಫೋಟೋ ತೆಗೆಯಲು ಹೊರಟಾಗ ಅವರಿಗೆ ಇಂದಿನಂಥ ಲೆನ್ಸಿನ ಆಸರೆ ಇರಲಿಲ್ಲ. ಹಕ್ಕಿಯ ಹತ್ತಿರ ಹೋಗದೆ ಬೇರೆ ದಾರಿಯಿರಲಿಲ್ಲ. ಅದಕ್ಕಾಗಿ ಅವರು ಎತ್ತಿನ ಚರ್ಮ ಹೊದಿಸಿದ ಪೊಳ್ಳು ಎತ್ತನ್ನೇ ಮಾಡಿಸಿ, ಅದರೊಳಗೆ ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಅವರ ಕಾಲದಲ್ಲೇ, 1891ರಲ್ಲಿ, ಲಂಡನ್ನಿನ ಥಾಮಸ್ ಡಾಲ್‌ಮೇಯರ್, ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಅಡಾಲ್ಫ್ ಸ್ಟೈನ್‌ಹೈಲ್ ಬೇರೆ ಬೇರೆಯಾಗಿ ಒಂದೇ ಉಪಾಯಕ್ಕೆ ಬಂದಿದ್ದರು.

ಆ ಉಪಾಯ ಹೀಗಿದೆ. ಒಂದೇ ಒಂದು ಪೀನ ಮಸೂರದಿಂದ 600 ಮಿಲಿಮೀಟರ್ ಸಂಗಮದೂರದ ಲೆನ್ಸ್ ಮಾಡಿದರೆ ಮಸೂರಕ್ಕೂ ಸೆನ್ಸರ್‌ಗೂ ನಡುವೆ 60 ಸೆಂಟಿಮೀಟರ್ ಕೊಳವೆ ಬೇಕೇ ಬೇಕು. ಹಾಗೆ ಮಾಡುವ ಬದಲು ಮುಂದೆ ಇನ್ನೂ ಬಲವಾದ ಪೀನ ಗುಂಪನ್ನು ಇಟ್ಟು, ಬೆಳಕನ್ನು ಬೇಗ ಒಟ್ಟುಗೂಡುವಂತೆ ಬಗ್ಗಿಸುತ್ತಾರೆ. ಕಿರಣಗಳು ಒಂದೆಡೆ ಸೇರುವ ಮೊದಲೇ ಅವುಗಳ ದಾರಿಗೆ ನಿಮ್ನ ಮಸೂರಗಳ ಗುಂಪೊಂದು ಅಡ್ಡ ಬಂದು, ಆ ಬಾಗನ್ನು ಸ್ವಲ್ಪ ಬಿಡಿಸುತ್ತದೆ. ಹಾಗೆ ಹೊರಬಿದ್ದ ಕಿರಣಗಳು, ಲೆನ್ಸಿನ ಮೂತಿಗಿಂತಲೂ ಮುಂದೆ ಗಾಳಿಯಲ್ಲೆಲ್ಲೋ ಇರುವ ಮಸೂರದಿಂದ ಬಂದಂತೆ ಸಾಗುತ್ತವೆ. ಹೀಗಾಗಿ ಇಂದಿನ 600 ಎಂಎಂ ಲೆನ್ಸ್ 45 ಸೆಂಟಿಮೀಟರ್ ಆಸುಪಾಸಿನಲ್ಲೇ ಮುಗಿಯುತ್ತದೆ. ನಿಜ ಹೇಳಬೇಕೆಂದರೆ, ಉದ್ದವಾದ ಲೆನ್ಸನ್ನು ಗಿಡ್ಡ ಮಾಡುವ ಈ ಜಾಣತನ ಇದ್ದರೆ ಮಾತ್ರ ಅದು ಟೆಲಿಫೋಟೋ.

ಉದ್ದವನ್ನು ಹೀಗೆ ತಗ್ಗಿಸಬಹುದು, ಅಗಲವನ್ನು ಆಗದು. ಎಫ್/4 ಎಂದರೆ ಸಂಗಮದೂರದ ನಾಲ್ಕನೇ ಒಂದು ಭಾಗದಷ್ಟು ಅಗಲದ ಬೆಳಕಿನ ಬಾಯಿ. 600ಕ್ಕೆ ಅದು 150 ಮಿಲಿಮೀಟರ್. ಅಷ್ಟು ದೊಡ್ಡ ಗಾಜನ್ನು ಹೊತ್ತ ಲೆನ್ಸುಗಳು ಒಂದು ಕಾಲದಲ್ಲಿ ಐದು ಕಿಲೋ ದಾಟುತ್ತಿದ್ದವು. ಈಗಿನವು ಮೂರು ಕಿಲೋ ಹತ್ತಿರಕ್ಕೆ ಇಳಿದಿವೆ, ಬೆಲೆ ಮಾತ್ರ ಹತ್ತು ಲಕ್ಷ ರೂಪಾಯಿಯ ಆಚೆಗೇ ನಿಂತಿದೆ. ನಮ್ಮ ಬಹುಪಾಲು ಹಕ್ಕಿ ಛಾಯಾಗ್ರಾಹಕರ ಹೆಗಲಲ್ಲಿರುವುದು 150–600 ಜೂಮ್. ಅದರ ತುದಿಯಲ್ಲಿ ಸಿಗುವುದು ಎಫ್/6.3, ಅಂದರೆ ಎಫ್/4ಕ್ಕಿಂತ ಎರಡೂವರೆ ಪಟ್ಟು ಕಡಿಮೆ ಬೆಳಕು. ಬಯಲಿನ ಬಿಸಿಲಿನಲ್ಲಿ ಈ ಕೊರತೆ ತಟ್ಟುವುದಿಲ್ಲ. ಮಲೆನಾಡಿನ ಕಾಡಿನೊಳಗೆ, ಮಳೆಮೋಡದ ಕೆಳಗೆ ಚೆನ್ನಾಗಿಯೇ ತಟ್ಟುತ್ತದೆ.

ಗಾಜಿನ ಇನ್ನೊಂದು ಕಾಟ ಬಣ್ಣದ್ದು. ನೀಲಿ ಬೆಳಕನ್ನು ಅದು ಕೆಂಪಿಗಿಂತ ಹೆಚ್ಚು ಬಗ್ಗಿಸುತ್ತದೆ. ಸಂಗಮದೂರ ಬೆಳೆದಷ್ಟೂ ಆ ವ್ಯತ್ಯಾಸ ಎದ್ದು ಕಾಣುತ್ತದೆ. ಕಪ್ಪು ಬಂಡೆಯ ಮುಂದೆ ನಿಂತ ಬೆಳ್ಳಕ್ಕಿಯ ಅಂಚಿಗೆ ನೇರಳೆ ಗೆರೆ ಹತ್ತಿಕೊಂಡಿದ್ದರೆ ಅದೇ ಇದು. ಫ್ಲೋರೈಟ್ ಎಂಬ ಖನಿಜದ ಹರಳು ಬಣ್ಣಗಳನ್ನು ತೀರಾ ಕಡಿಮೆ ಚೆದುರಿಸುತ್ತದೆಂದು ಸೂಕ್ಷ್ಮದರ್ಶಕ ಮಾಡುವವರಿಗೆ ಹತ್ತೊಂಬತ್ತನೇ ಶತಮಾನದಲ್ಲೇ ಗೊತ್ತಿತ್ತು, ಆದರೆ ಕ್ಯಾಮೆರಾಕ್ಕೆ ಬೇಕಾದಷ್ಟು ದೊಡ್ಡ, ಶುದ್ಧ ಹರಳು ನೆಲದಲ್ಲಿ ಸಿಗುವುದಿಲ್ಲ. ಕ್ಯಾನನ್ ಕಂಪನಿ ಅದನ್ನು ಕೃತಕವಾಗಿ ಬೆಳೆಸಿ 1969ರಲ್ಲಿ 300 ಎಂಎಂ ಲೆನ್ಸ್ ಒಂದರಲ್ಲಿ ಕೂರಿಸಿತು. ಫ್ಲೋರೈಟ್ ಬಿಸಿಗೆ ಬೇಗ ಹಿಗ್ಗುತ್ತದೆ. ಆ ಕಂಪನಿಯ ದೊಡ್ಡ ಲೆನ್ಸುಗಳು ಬಿಸಿಲು ಹೀರದಿರಲೆಂದು ಬಿಳಿ ಬಣ್ಣ ಬಳಿಸಿಕೊಂಡದ್ದು ಹೀಗೆ.

ಇನ್ನು ಕೈನಡುಕ. 600 ಎಂಎಂ ಲೆನ್ಸ್ ನೋಡುವ ಅಗಲ ಮೂರೂವರೆ ಡಿಗ್ರಿಗೂ ಕಡಿಮೆ. ಏಳು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟರೆ ಚೌಕಟ್ಟು ತುಂಬಿಹೋಗುತ್ತದೆ. ಅಷ್ಟು ಕಿರಿದಾದ ಕಿಂಡಿಯಲ್ಲಿ ಲೆನ್ಸ್ ಡಿಗ್ರಿಯ ಅರವತ್ತನೇ ಒಂದು ಭಾಗ ಅಲುಗಿದರೂ ಬಿಂಬ ಸುಮಾರು 40 ಪಿಕ್ಸೆಲ್ ಜಾರುತ್ತದೆ. ಉಸಿರಾಟವೊಂದೇ ಸಾಕು ಅಷ್ಟು ಅಲುಗಿಸಲು. ಶಟರ್ ವೇಗ ಸೆಕೆಂಡಿನ 600ನೇ ಒಂದು ಭಾಗಕ್ಕಿಂತ ನಿಧಾನ ಆಗಬಾರದು ಎಂದು ಹಳಬರು ಹೇಳಿಕೊಡುತ್ತಿದ್ದ ಸೂತ್ರ ಹುಟ್ಟಿದ್ದು ಇಲ್ಲಿಂದಲೇ. 1995ರಲ್ಲಿ ನಡುಕ ತಡೆಯುವ ವ್ಯವಸ್ಥೆ ಎಸ್‌ಎಲ್‌ಆರ್ ಲೆನ್ಸಿನೊಳಗೆ ಬಂತು. ಗೈರೋ ಸೆನ್ಸರ್‌ಗಳು ಲೆನ್ಸ್ ಯಾವ ಕಡೆ, ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಬಿಡುವಿಲ್ಲದೆ ಅಳೆಯುತ್ತವೆ. ಅದಕ್ಕೆ ತಕ್ಕಂತೆ ವಿದ್ಯುತ್‌ಕಾಂತಗಳು ಒಳಗಿನ ಮಸೂರದ ಗುಂಪೊಂದನ್ನು ಪಕ್ಕಕ್ಕೆ ಸರಿಸಿ ಬಿಂಬವನ್ನು ಇದ್ದಲ್ಲೇ ಹಿಡಿದಿಡುತ್ತವೆ.

ರಂಗನತಿಟ್ಟಿನ ದೋಣಿಯಲ್ಲಿ ಕೂತವರಿಗೆ ಇದರ ಬೆಲೆ ಗೊತ್ತು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಆ ಕಾವೇರಿ ನಡುಗಡ್ಡೆಗಳ ಸುತ್ತ ಅಂಬಿಗರು ಹುಟ್ಟು ಹಾಕುತ್ತಾ ಸುತ್ತಿಸುತ್ತಾರೆ. ದೋಣಿಯೇ ಓಲಾಡುವಾಗ ಟ್ರೈಪಾಡ್ ನಿಲ್ಲಿಸಿ ಉಪಯೋಗವಿಲ್ಲ. ದೋಣಿಯ ಓಲಾಟವನ್ನೇ ಅದು ಲೆನ್ಸಿಗೆ ದಾಟಿಸುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಕೈಯಲ್ಲೇ ಹಿಡಿಯುವುದು ಲೇಸು. ಆದರೆ ಗೈರೋ ತಡೆಯುವುದು ನಮ್ಮ ನಡುಕವನ್ನಷ್ಟೇ, ಹಕ್ಕಿಯ ಓಟವನ್ನಲ್ಲ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ, 20 ಮೀಟರ್ ದೂರದಲ್ಲಿ ಅಡ್ಡ ಹಾರುವ ಹಕ್ಕಿಯನ್ನು ಸೆಕೆಂಡಿನ 2000ನೇ ಒಂದು ಭಾಗದಲ್ಲಿ ಹಿಡಿದರೂ ಅಷ್ಟರೊಳಗೆ ಅದು 5 ಮಿಲಿಮೀಟರ್ ಮುಂದೆ ಹೋಗಿರುತ್ತದೆ, ಸೆನ್ಸರ್ ಮೇಲೆ 34 ಪಿಕ್ಸೆಲ್ ಮಸುಕು ಮೂಡಿರುತ್ತದೆ. ಸೊಂಟದಿಂದ ತಿರುಗುತ್ತಾ, ಹಕ್ಕಿಯ ವೇಗದಲ್ಲೇ ಲೆನ್ಸನ್ನು ಸಾಗಿಸುವ ಅಭ್ಯಾಸ ಮೈಗೆ ಹತ್ತಬೇಕು. ಅದಕ್ಕೆ ಬದಲಾಗಿ ಅಂಗಡಿಯಲ್ಲಿ ಏನೂ ಸಿಗುವುದಿಲ್ಲ.

ಅಲ್ಲೇ ತೆಗೆದ ಇನ್ನೊಂದು ಬಗೆಯ ಚಿತ್ರ ನೀವು ನೋಡಿರಬಹುದು: ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಅದರ ಬೆನ್ನಿಗೇ ತಾಗಿದಂತೆ ನಿಂತ ಬಣ್ಣದ ಕೊಕ್ಕರೆ. ಕೊಕ್ಕರೆಗೆ ಎಂಥ ಧೈರ್ಯ ಅನಿಸುತ್ತದೆ. ಟೆಲಿಫೋಟೋ ದೃಶ್ಯವನ್ನು ಹಿಂಡಿ ಚಪ್ಪಟೆ ಮಾಡುತ್ತದೆ ಎಂದು ಇದಕ್ಕೆ ವಿವರಣೆ ಕೊಡುವುದೂ ಉಂಟು. ಲೆನ್ಸಿನ ಮೇಲೆ ಹೊರಿಸಿದ ಈ ಆರೋಪ ಸುಳ್ಳು. ಮೊಸಳೆ 100 ಮೀಟರ್ ದೂರದಲ್ಲಿ, ಕೊಕ್ಕರೆ ಅದಕ್ಕಿಂತ 20 ಮೀಟರ್ ಹಿಂದೆ ಇದ್ದರೆ ದೂರಗಳ ಅನುಪಾತ ಬರೀ 100ಕ್ಕೆ 120. ಆದ್ದರಿಂದ ಎರಡೂ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ಮೂಡುತ್ತವೆ. ಮೊಸಳೆಯಿಂದ 10 ಮೀಟರ್‌ಗೆ ಹೋಗಿ ನಿಂತರೆ ಅನುಪಾತ 10ಕ್ಕೆ 30 ಆಗಿ, ಕೊಕ್ಕರೆ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಮೊದಲಿನ ಜಾಗದಿಂದಲೇ ಮೊಬೈಲಿನಲ್ಲಿ ತೆಗೆದು ನಡುವಿನ ತುಣುಕನ್ನು ಕತ್ತರಿಸಿ ನೋಡಿ, ಮಸುಕಾಗಿದ್ದರೂ ಮೊಸಳೆ–ಕೊಕ್ಕರೆಗಳ ಗಾತ್ರದ ಲೆಕ್ಕ ಹಾಗೇ ಇರುತ್ತದೆ. ನೋಟವನ್ನು ತೀರ್ಮಾನಿಸುವುದು ನಾವು ನಿಂತ ಜಾಗ.

ದುಡ್ಡು ಸುರಿದರೂ ಬಗೆಹರಿಯದ ತೊಡಕು ಗಾಳಿಯದು, ಮತ್ತು ಹೊಸಬರು ಕೊನೆಗೆ ಅನುಮಾನಿಸುವುದೂ ಅದನ್ನೇ. ಬಿಸಿಯಾದ ಗಾಳಿ ತೆಳುವಾಗುತ್ತದೆ, ಬೆಳಕನ್ನು ತಣ್ಣನೆಯ ಗಾಳಿಗಿಂತ ಕಡಿಮೆ ಬಗ್ಗಿಸುತ್ತದೆ. ಬಂಡೆ, ಮರಳು, ಡಾಂಬರು ಕಾದ ಮೇಲೆ ಅವುಗಳಿಂದ ಏಳುವ ಬಿಸಿ ಸುಳಿಗಳು ತಣ್ಣನೆಯ ಗಾಳಿಯ ಜೊತೆ ಕಲೆಸಿಕೊಂಡು, ದಾರಿಯುದ್ದಕ್ಕೂ ಸಾವಿರಾರು ದುರ್ಬಲ, ಓರೆಕೋರೆ ಮಸೂರಗಳು ತೇಲುತ್ತಿರುವ ಹಾಗೆ ವರ್ತಿಸುತ್ತವೆ. ಬರಿಗಣ್ಣಿಗೆ ಏನೂ ಕಾಣದಿದ್ದರೂ 600 ಎಂಎಂ ಲೆನ್ಸಿಗೆ ಕಾಣುತ್ತದೆ. ಹತ್ತು ಚಿತ್ರ ತೆಗೆದರೆ ಹತ್ತರಲ್ಲೂ ಹಕ್ಕಿಯ ಗರಿ ಬೇರೆ ಬೇರೆ ರೀತಿಯಲ್ಲಿ ಕಲಸಿಹೋಗಿರುತ್ತದೆ. ಛಾಯಾಗ್ರಾಹಕ ಫೋಕಸ್ ಕೆಟ್ಟಿದೆಯೆಂದು ಲೆನ್ಸನ್ನು ಸರ್ವಿಸ್ ಸೆಂಟರಿಗೆ ಒಯ್ಯುತ್ತಾನೆ. ಚಳಿಗಾಲದ ಬೆಳಿಗ್ಗೆ ಕಾರಿನ ಕಿಟಕಿ ಇಳಿಸಿ ತೆಗೆಯುವಾಗಲೂ ಇದೇ ಕಥೆ. ಒಳಗಿನ ಬೆಚ್ಚನೆಯ ಗಾಳಿ ಕಿಟಕಿಯಿಂದ ಹೊರಗೆ ಹರಿದು, ಲೆನ್ಸಿನ ಮೂತಿಯ ಎದುರಿಗೇ ತಣ್ಣನೆಯ ಗಾಳಿಯ ಜೊತೆ ಬೆರೆಯುತ್ತಿರುತ್ತದೆ. ಹೀಟರ್ ನಿಲ್ಲಿಸಿ, ಎಲ್ಲ ಗಾಜು ಇಳಿಸಿ, ಒಳಗೂ ಹೊರಗೂ ಒಂದೇ ತಂಪು ಬರುವ ತನಕ ಕಾಯಬೇಕು. ನಮ್ಮ ಬೇಸಿಗೆಯಲ್ಲಿ ಒಂಬತ್ತು ಗಂಟೆಯ ಮೇಲೆ ದೂರದ ಹಕ್ಕಿಗೆ ಲೆನ್ಸ್ ತಿರುಗಿಸದವರೇ ಜಾಣರು.

ಫೋಕಸ್ ಅಂದೆನಲ್ಲ, ಹಕ್ಕಿ ಹತ್ತಿರ ಬಂದರೆ ಅದರ ಕಷ್ಟ ಶುರುವಾಗುತ್ತದೆ. 600 ಎಂಎಂ, ಎಫ್/4, 8 ಮೀಟರ್ ದೂರ: ಸ್ಫುಟವಾಗಿ ಮೂಡುವ ಆಳ ಕೇವಲ 4 ಸೆಂಟಿಮೀಟರ್. ಕಣ್ಣು ಸ್ಫುಟವಾಗಿದ್ದರೆ ಬಾಲ ಕರಗಿರುತ್ತದೆ. ಕಣ್ಣು ತಪ್ಪಿದರೆ ಇಡೀ ಚಿತ್ರವೇ ಸತ್ತಂತೆ, ಏಕೆಂದರೆ ನೋಡುವವರ ದೃಷ್ಟಿ ಮೊದಲು ಹೋಗುವುದು ಅಲ್ಲಿಗೇ. ಟಿ.ಎನ್.ಎ. ಪೆರುಮಾಳ್, ಪೂರ್ಣಚಂದ್ರ ತೇಜಸ್ವಿ ಅವರಂಥವರು 36 ಚಿತ್ರಗಳ ಫಿಲ್ಮ್ ರೋಲಿನ ಕಾಲದಲ್ಲಿ ಹಕ್ಕಿಗಳ ಹಿಂದೆ ಹೋದವರು. 2021ರಲ್ಲಿ ಬಂದ ಸೋನಿ ಆಲ್ಫಾ 1 ಕ್ಯಾಮೆರಾ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿದುಕೊಂಡು, ಸದ್ದಿಲ್ಲದೆ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಅವರ ಇಡೀ ರೋಲು ಅದಕ್ಕೆ ಒಂದೂಕಾಲು ಸೆಕೆಂಡಿನ ಕೆಲಸ. ಆ ಹಿರಿಯರ ಚಿತ್ರಗಳನ್ನು ನೋಡುವಾಗ ಹಕ್ಕಿ ಮುಂದೆ ಏನು ಮಾಡಲಿದೆ ಎಂಬುದನ್ನು ಅವರು ಎಷ್ಟು ಆಳವಾಗಿ ಓದಿಕೊಂಡಿರಬೇಕು ಎಂದು ನನಗೆ ಬೆರಗಾಗುತ್ತದೆ.

ಹಕ್ಕಿ ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತದೆ ಎಂಬುದಕ್ಕೆ ಒಂದು ಅಂಕಿ ಇಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರಿನ ಜನ ತಲೆಮಾರುಗಳಿಂದ ಗಳಿಸಿದ ನಂಬಿಕೆ ಅದು. ಅಲ್ಲಿ ಉದ್ದ ಲೆನ್ಸ್ ಇಲ್ಲದೆಯೂ ನಡೆಯುತ್ತದೆ. ಭದ್ರಾ ಹಿನ್ನೀರಿನಲ್ಲಿ ಹಾಗಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ತಲೆ ಎತ್ತುವ ದಿಬ್ಬಗಳ ಬರಿನೆಲದ ಮೇಲೆ ರೀವ ಹಕ್ಕಿಗಳು ಮೊಟ್ಟೆಯಿಡುತ್ತವೆ. ದೋಣಿ ತೀರಾ ಹತ್ತಿರ ಬಂತೆಂದು ಅವು ಎದ್ದರೆ ಸುಡುಬಿಸಿಲು ನೇರ ಮೊಟ್ಟೆಯ ಮೇಲೆ. ಸಾಲಾಗಿ ಎದ್ದ ರೀವಗಳ ಚಿತ್ರ ನೋಡಲು ಚೆನ್ನಾಗಿರುತ್ತದೆ, ಆ ಚೆಂದದ ಬೆಲೆ ತೆರುವುದು ಮೊಟ್ಟೆಯೊಳಗಿನ ಮರಿ.

ದಾಂಡೇಲಿಯ ಕಾಡಿನಲ್ಲಿ ಮಂಗಟ್ಟೆಯ ಗೂಡಿನ ಮುಂದೆ ಇನ್ನೂ ಎಚ್ಚರ ಬೇಕು. ಹೆಣ್ಣು ಮರದ ಪೊಟರೆಯೊಳಗೆ ಸೇರಿಕೊಂಡು, ಕೊಕ್ಕು ತೂರುವಷ್ಟು ಸೀಳು ಬಿಟ್ಟು ಬಾಗಿಲು ಮುಚ್ಚಿಕೊಂಡಿರುತ್ತದೆ. ವಾರಗಟ್ಟಲೆ ಅದರ ಊಟವೆಲ್ಲ ಗಂಡು ತಂದು ಕೊಟ್ಟದ್ದೇ. ಕೆಳಗೆ ಜನ ಕಂಡರೆ ಗಂಡು ಗಂಟಲಲ್ಲಿ ಅತ್ತಿಹಣ್ಣು ತುಂಬಿಕೊಂಡೇ ದೂರದ ಮರದಲ್ಲಿ ಕೂರುತ್ತದೆ. ಕುತ್ತಿಗೆ ಚಾಚಿ ನೋಡುತ್ತದೆ, ಕೊಂಬೆಯಿಂದ ಕೊಂಬೆಗೆ ಬದಲಾಯಿಸುತ್ತದೆ, ಗೂಡಿಗೆ ಬರುವುದಿಲ್ಲ. ಆಗ 40 ಮೀಟರ್‌ನಿಂದ 28ಕ್ಕೆ ಹೋಗೋಣ ಎಂಬ ಆಸೆ ಕಾಲಿಗೆ ಹುಟ್ಟುತ್ತದೆ. ಆ 12 ಮೀಟರ್‌ನಿಂದ ಸಿಗುವಷ್ಟೇ ದೊಡ್ಡ ಬಿಂಬವನ್ನು ಜೇಬಿನಲ್ಲಿರುವ 1.4 ಪಟ್ಟಿನ ಟೆಲಿಕನ್ವರ್ಟರ್ ಕೊಡುತ್ತದೆ. ಅದಕ್ಕೆ ತೆರುವ ಬೆಲೆ ಅರ್ಧ ಬೆಳಕು: ಎಫ್/4 ಇದ್ದದ್ದು ಎಫ್/5.6 ಆಗುತ್ತದೆ, ಐಎಸ್‌ಒ ಇಮ್ಮಡಿಸಬೇಕಾಗುತ್ತದೆ, ಚಿತ್ರದಲ್ಲಿ ಒಂದಿಷ್ಟು ಕಾಳು ಕಾಳು ಹೆಚ್ಚುತ್ತದೆ. ಆ ಕಾಳನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ಅಳಿಸಬಹುದು. ಕನ್ವರ್ಟರ್ ಹಾಕಿಯೂ ಗಂಡು ಗೂಡಿಗೆ ಬರಲು ಹಿಂಜರಿಯುತ್ತಿದ್ದರೆ 40 ಮೀಟರೂ ಅದಕ್ಕೆ ಹತ್ತಿರವೇ. ಇನ್ನೂ ಹಿಂದಕ್ಕೆ ಸರಿಯಬೇಕು.