ಹತ್ತಿ ಬೆಳೆಯದೆಯೂ ಬಟ್ಟೆಯ ದೊರೆ

ಪ್ರಶ್ನೆ: ಹತ್ತಿಯನ್ನೇ ಹೆಚ್ಚು ಬೆಳೆಯದ ಬಾಂಗ್ಲಾದೇಶ ಸಿದ್ಧ ಉಡುಪಿನಲ್ಲಿ ಇಷ್ಟು ಮುಂದೆ ಬಂದದ್ದು ಹೇಗೆ?

ಉತ್ತರ: ಮೊದಲ ನೆರವು ಸಿಕ್ಕಿದ್ದು ದಕ್ಷಿಣ ಕೊರಿಯಾದಿಂದ. 1974ರ ಒಪ್ಪಂದವೊಂದು ಶ್ರೀಮಂತ ರಾಷ್ಟ್ರಗಳಿಗೆ ಹೋಗುವ ಬಟ್ಟೆಗೆ ದೇಶವಾರು ಕೋಟಾ ವಿಧಿಸಿತು. ಆಗ ಕೊರಿಯಾದ ಕಂಪನಿಗಳು ಕೋಟಾದ ಕಾಟವಿಲ್ಲದ ಜಾಗ ಹುಡುಕತೊಡಗಿದವು. 1979ರಲ್ಲಿ ದೇವೂ ಕಂಪನಿ, ಬಾಂಗ್ಲಾದ ದೇಶ್ ಗಾರ್ಮೆಂಟ್ಸ್‌ನ ಸುಮಾರು 130 ನೌಕರರನ್ನು ಕೊರಿಯಾದ ಬೂಸಾನ್‌ಗೆ ಕರೆಸಿ ತರಬೇತಿ ಕೊಟ್ಟಿತು. ಅವರಲ್ಲಿ ಬಹುಪಾಲು ಜನ ಕೆಲವೇ ವರ್ಷಗಳಲ್ಲಿ ಹೊರಬಿದ್ದು, ತಾವೇ ಕಾರ್ಖಾನೆ ತೆರೆದರು ಇಲ್ಲವೇ ಬೇರೆ ಕಾರ್ಖಾನೆ ಸೇರಿದರು. ಕಸುಬು ಹಬ್ಬಿದ್ದು ಹೀಗೆ.

ಬಂಡವಾಳದ ಕೊರತೆಗೂ ದಾರಿ ಸಿಕ್ಕಿತು. ವಿದೇಶಿ ಖರೀದಿದಾರ ಕೊಡಿಸಿದ ಪಾವತಿ ಖಾತರಿ ಪತ್ರವನ್ನೇ (ಲೆಟರ್ ಆಫ್ ಕ್ರೆಡಿಟ್) ಆಧಾರವಾಗಿಟ್ಟುಕೊಂಡು, ಬಟ್ಟೆ ತರಿಸಲು ಬ್ಯಾಂಕ್ ಅಂಥದೇ ಇನ್ನೊಂದು ಪತ್ರ ಕೊಡುತ್ತಿತ್ತು. ರಫ್ತಾಗುವ ಉಡುಪಿಗೆಂದು ತರಿಸಿದ ಬಟ್ಟೆಗೆ ಆಮದು ಸುಂಕವೂ ಇರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತವರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು; ಅವರಿಗೆ ಸಿಗುತ್ತಿದ್ದುದು ಕಡಿಮೆ ಕೂಲಿ.

ಇಂದು ಆ ದೇಶದ ರಫ್ತು ಆದಾಯದಲ್ಲಿ ಶೇ. 80ಕ್ಕೂ ಹೆಚ್ಚು ಉಡುಪಿನದೇ. ಆದರೆ 2013ರಲ್ಲಿ ಉಡುಪಿನ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಗೋಡೆ ಬಿರುಕು ಬಿಟ್ಟಿದ್ದು ಹಿಂದಿನ ದಿನವೇ ಕಂಡಿತ್ತು. ಆದರೂ ಕಾರ್ಮಿಕರನ್ನು ಒಳಗೆ ಕಳಿಸಲಾಗಿತ್ತು. ತಪಾಸಣೆ ಬಿಗಿಯಾದದ್ದು ಆಮೇಲೆ.