ನೆಲದೊಳಗಿನ ಕಲಸುಮೇಲೋಗರ

ಅಡಿಯ ಪದರ ಹಳೆಯದು, ಮೇಲಿನದು ಹೊಸದು. ಭೂವಿಜ್ಞಾನದ ಈ ಮೊದಲ ಪಾಠಕ್ಕೆ ಮಣಿಯದ ಶಿಲೆಗಳೂ ಉಂಟು. ವೇಲ್ಸಿನ ಆಂಗಲ್ಸೀ ದ್ವೀಪದಲ್ಲಿ ಅಂಥವನ್ನು ಕಂಡ ಎಡ್ವರ್ಡ್ ಗ್ರೀನ್ಲಿ, 1919ರಲ್ಲಿ ಅವಕ್ಕೆ ‘ಮೆಲಾಂಜ್’ ಎಂಬ ಫ್ರೆಂಚ್ ಹೆಸರನ್ನಿತ್ತರು. ಮಿಶ್ರಣವೆಂದರೆ ಸಪ್ಪೆಯಾದೀತು, ಕನ್ನಡದ ಮೇಷ್ಟರಾದ ನಾನು ಕಲಸುಮೇಲೋಗರವೆಂದೇ ಕರೆಯುತ್ತೇನೆ. ದಾರ ಕಡಿದು ಗರಿಗಳು ಬೆರೆತುಹೋದ ಓಲೆಕಟ್ಟನ್ನು ಬಿಡಿಸಿದವರಿಗೆ ಇದರ ಪಾಡು ತಿಳಿದೀತು.

ಕ್ಯಾಲಿಫೋರ್ನಿಯದ ಕರಾವಳಿಯನ್ನು ನೋಡಿ. ಅಲ್ಲಿ ಸಾಗರವನ್ನು ಹೊತ್ತ ಭೂಫಲಕವೊಂದು ಕೋಟ್ಯಂತರ ವರ್ಷ ಉತ್ತರ ಅಮೆರಿಕದ ಅಡಿಗೆ ನುಸುಳುತ್ತಲೇ ಹೋಯಿತು. ಬಡಗಿಯ ಹತ್ತರಿಗೆ ಸಿಕ್ಕ ಹಲಗೆಯಂತೆ ಅದರ ಮೈ ಹೆರೆದುಬಂತು. ಕಡಲಡಿಯ ಲಾವಾಶಿಲೆ, ಸೂಕ್ಷ್ಮಜೀವಿಗಳ ಗಾಜಿನಂಥ ಚಿಪ್ಪುಗಳಿಂದಾದ ಕೆಂಗಲ್ಲು, ನೆಲದಿಂದ ಹರಿದುಬಂದ ಮರಳು, ಎಲ್ಲವೂ ಮುರಿದು ಜೇಡಿಯಲ್ಲಿ ಹೂತುಕೊಂಡವು. ಕಡಲೊಳಗಿನ ಭೂಕುಸಿತಗಳದೂ ಇದರಲ್ಲಿ ಪಾಲುಂಟು. ತುಂಡುಗಳು ಮುಷ್ಟಿಗಾತ್ರದಿಂದ ಗುಡ್ಡದ ಗಾತ್ರದವರೆಗೆ!

ಮೆತ್ತನೆಯ ಜೇಡಿ ಸವೆದಾಗ ಗಟ್ಟಿ ತುಂಡುಗಳು ಹುಲ್ಲುಗಾವಲಲ್ಲಿ ಒಂಟಿಯಾಗಿ ನಿಲ್ಲುತ್ತವೆ. ಅವುಗಳಲ್ಲಿ ಕೆಲವು ನೀಲಿಶಿಲೆಗಳು. ಈ ನೀಲಿಗೆ ಹತ್ತಾರು ಕಿಲೋಮೀಟರ್ ಆಳದ ಒತ್ತಡ ಬೇಕು, ಆದರೆ ಕಾವು ಹೆಚ್ಚಿರಕೂಡದು. ತಣ್ಣನೆಯ ಸಾಗರತಳ ಬಿಸಿಯಾಗುವ ಮುನ್ನವೇ ಆಳಕ್ಕಿಳಿದಲ್ಲಿ ಮಾತ್ರ ಅದು ಸಾಧ್ಯ. ಅಷ್ಟು ಆಳಕ್ಕೆ ಹೋಗಿ ಮರಳಿ ಬಂದ ಕಲ್ಲು ಅದು. ಪಕ್ಕದ ಕಲ್ಲೋ ಆ ಆಳವನ್ನು ಕಂಡೇ ಇಲ್ಲದಿರಬಹುದು. ಆದ್ದರಿಂದ ಇಲ್ಲಿ ನೆರೆಯನ್ನು ನೋಡಿ ವಯಸ್ಸು ಹೇಳುವಂತಿಲ್ಲ. ಒಂದೊಂದನ್ನೂ ಬೇರೆಯಾಗಿಯೇ ವಿಚಾರಿಸಬೇಕು.