ನಿಮಗಿದು ಗೊತ್ತೇ? ಕೊಲೆಗಾರನ ಹೆಸರೇ ಕ್ರಿಯಾಪದವಾಯಿತು!

ಇಂಗ್ಲಿಷಿನಲ್ಲಿ ‘ಬರ್ಕ್’ ಎಂಬ ಹಳೆಯ ಕ್ರಿಯಾಪದವಿದೆ. ಮೈಮೇಲೆ ಗಾಯ ಕಾಣದಂತೆ ಉಸಿರುಗಟ್ಟಿಸಿ ಸಾಯಿಸು ಎಂದು ಅದರ ಅರ್ಥ. ಇಂಗ್ಲೆಂಡಿನವರೇ ಅದನ್ನು ಹೆಚ್ಚುಕಡಿಮೆ ಮರೆತಿದ್ದಾರೆ. ನಮ್ಮ ಪೊಲೀಸರು ಮರೆತಿಲ್ಲ!

ವಿಲಿಯಂ ಬರ್ಕ್ ಐರ್ಲೆಂಡಿನಿಂದ ಸ್ಕಾಟ್ಲೆಂಡಿಗೆ ಕೂಲಿಗೆ ಬಂದವನು. 1827ರ ಕೊನೆಗೆ ಎಡಿನ್‌ಬರೋದಲ್ಲಿ ಅವನ ಗೆಳೆಯ ವಿಲಿಯಂ ಹೇರ್‌ನ ವಸತಿಗೃಹದಲ್ಲಿದ್ದ ಮುದಿ ಸೈನಿಕನೊಬ್ಬ ಕಾಯಿಲೆಯಿಂದ ಸತ್ತ. ಬಾಡಿಗೆ 4 ಪೌಂಡ್ ಬಾಕಿ. ಇಬ್ಬರೂ ಶವಪೆಟ್ಟಿಗೆಗೆ ಮರದ ತೊಗಟೆ ತುಂಬಿ ಮೊಳೆ ಹೊಡೆದು, ಹೆಣವನ್ನು ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಡಾ. ರಾಬರ್ಟ್ ನಾಕ್ಸ್‌ನ ಶಾಲೆಗೆ ಮಾರಿದರು. ಕೈಗೆ ಬಂದದ್ದು 7 ಪೌಂಡ್ 10 ಶಿಲಿಂಗ್. ಬಾಕಿ ತೀರಿತು, ರುಚಿ ಹತ್ತಿತು.

ಮುಂದಿನ ಹೆಣಗಳಿಗೆ ಸಾವು ಬರಲಿ ಎಂದು ಅವರು ಕಾಯಲಿಲ್ಲ. ದಿಕ್ಕಿಲ್ಲದವರನ್ನು ಕರೆತಂದು ವಿಸ್ಕಿ ಕುಡಿಸುವುದು, ಮಲಗಿದ ಮೇಲೆ ಮೂಗುಬಾಯಿ ಒತ್ತಿಹಿಡಿಯುವುದು. ಹೀಗೆ ಸತ್ತವರು 16 ಮಂದಿ. ದರ ಚಳಿಗಾಲದಲ್ಲಿ 10 ಪೌಂಡ್, ಬೇಸಿಗೆಯಲ್ಲಿ 8. ಸೆಕೆಗೆ ಹೆಣ ಬೇಗ ಕೆಡುತ್ತದಲ್ಲ!

ಕೊನೆಗೆ ಸಿಕ್ಕಿಬಿದ್ದಾಗ ಹೇರ್ ಮಾಫಿ ಸಾಕ್ಷಿಯಾಗಿ ಬಚಾವಾದ. ಹೆಣ ಕೊಂಡ ನಾಕ್ಸ್ ಮೇಲೆ ಮೊಕದ್ದಮೆಯೇ ಇಲ್ಲ. ನೇಣಾದದ್ದು ಬರ್ಕ್ ಒಬ್ಬನಿಗೇ, 1829ರ ಜನವರಿ 28ರಂದು. ಗಲ್ಲುಗಂಬದ ಸುತ್ತ ನೆರೆದಿದ್ದ ಸಾವಿರಾರು ಜನ ‘ಹಗ್ಗ ಬೇಡ, ಅವನನ್ನೂ ಬರ್ಕ್ ಮಾಡಿ’ ಎಂದು ಕೂಗಿದರಂತೆ. ಆತ ಇನ್ನೂ ಬದುಕಿರುವಾಗಲೇ ಹೆಸರು ಕ್ರಿಯಾಪದವಾಗಿತ್ತು! ಅವನ ಹೆಣವನ್ನೂ ವಿದ್ಯಾರ್ಥಿಗಳೆದುರು ಕೊಯ್ದರು. ಅಸ್ಥಿಪಂಜರ ಇಂದಿಗೂ ಎಡಿನ್‌ಬರೋ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿದೆ.

ಹೆಣಗಳ ಕಳ್ಳವ್ಯಾಪಾರಕ್ಕೆ ಕಡಿವಾಣ ಹಾಕಿದ್ದು 1832ರ ಅಂಗರಚನಾ ಕಾಯ್ದೆ. ವಾರಸುದಾರರಿಲ್ಲದ ಶವಗಳು ಕಾನೂನಿನ ಪ್ರಕಾರವೇ ಸಿಗತೊಡಗಿದವು. ಎಂದರೆ ಬಹುಪಾಲು ಬಡವರವೇ.

ಬರಬರುತ್ತ ಪದದ ಅರ್ಥ ಹಿಗ್ಗಿತು. ಮುಜುಗರದ ಪ್ರಶ್ನೆಯನ್ನು, ಚರ್ಚೆಯನ್ನು ಸದ್ದಿಲ್ಲದೆ ಹೊಸಕಿಹಾಕಿದರೂ ಅದು ‘ಬರ್ಕ್’ ಮಾಡಿದಂತೆಯೇ. ಭಾರತದ ಪೊಲೀಸ್ ಇಲಾಖೆಯಲ್ಲಿ ‘ಬರ್ಕಿಂಗ್’ ಎಂದರೆ ಅಪರಾಧವನ್ನು ದಾಖಲಿಸದೆ ಮುಚ್ಚಿಹಾಕುವುದು. ಮನೆಗಳ್ಳತನದ ದೂರು ತಂದವರಿಗೆ ‘ನಾಳೆ ಬನ್ನಿ’ ಎನ್ನುವುದು, ಎಫ್‌ಐಆರ್ ಹಾಕಬೇಕಾದಲ್ಲಿ ಬರೀ ಹಿಂಬರಹ ಕೊಟ್ಟು ಸಾಗಹಾಕುವುದು ಎಲ್ಲವೂ ಇದರಡಿ ಬರುತ್ತವೆ. ಠಾಣೆಯ ಅಂಕಿಅಂಶ ಚೆನ್ನಾಗಿ ಕಾಣುತ್ತದೆ, ಅಷ್ಟೆ.

ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದ, ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪಿನಲ್ಲೂ ‘ಬರ್ಕಿಂಗ್’ ಪದವಿದೆ.